ಒಣಗಿದ ಹೊಳೆ ಕಲಿಸುವ ಪಾಠ



ಈ ಸಲ ಹೊಳೆಯ ಸೆಳವಿನ ವಿಷಯ ಬರೆಯೋಣ ಅಂತ ಕೂತಿದ್ದೇನೆ. “ನಮಗ್ಯಾಕೆ ಅಕ್ಕಾ ಈ ಮಾತು? ನಮ್ಮ ಕಡೆ ಹೊಳೆಯಾದರೂ ಎಲ್ಲಿದೆ? ಇರೋದು ಬರೀ ಮರಳು, ಜಾಲಿಗಿಡ!” ಅಂತ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರು ನಗಬಹುದು. ನಗಿ, ಪರವಾಗಿಲ್ಲ. ಆದರೆ ಈ ಮಾತು ಮಲೆನಾಡಿನವರಿಗಿಂತ ನಿಮಗೇ ಹೆಚ್ಚು ಬೇಕು. ಮನೆ ಹಿಂದೆ ವರ್ಷವಿಡೀ ಹೊಳೆ ಹರಿಯುವ ಕಡೆ ಹೆಣ್ಣುಮಕ್ಕಳಿಗೆ ನೀರಿನ ಗುಣ ಚಿಕ್ಕಂದಿನಿಂದ ಗೊತ್ತು. ನಮ್ಮ ಬಯಲುಸೀಮೆಯಲ್ಲಿ ಹಾಗಲ್ಲ. ಎಷ್ಟೋ ವರ್ಷ ಮುಖ ತೋರಿಸದ ನೆಂಟ ಒಂದು ರಾತ್ರಿ ಬಂದು ಬಾಗಿಲು ಬಡಿದ ಹಾಗೆ ಹೊಳೆ ಬರುತ್ತೆ. ಆಗ ಅದರ ಸ್ವಭಾವ ತಿಳಿದವರು ಊರಿಗೆ ಒಬ್ಬರೂ ಇರೋದಿಲ್ಲ.

2021ರ ನವೆಂಬರಿನಲ್ಲಿ, ಮತ್ತೆ 2022ರ ಮಳೆಗಾಲದಲ್ಲಿ ಹೀಗೇ ಆಯಿತು. ವರ್ಷಗಟ್ಟಲೆ ಮರಳಾಗಿ ಮಲಗಿದ್ದ ಜಯಮಂಗಲಿ ಎರಡೂ ದಡ ತುಂಬಿ ಹರಿದಳು. ಕೆರೆಗಳು ಕೋಡಿ ಬಿದ್ದವು. ನೀರು ಬಂದ ಸಂತೋಷ ಒಂದು ಕಡೆ, ಹಳ್ಳ ದಾಟುವ ಭಯ ಇನ್ನೊಂದು ಕಡೆ. ಆ ಭಯಕ್ಕೆ ಮದ್ದು ಒಂದೇ, ತಿಳಿವಳಿಕೆ. ಹೊಳೆ ಒಣಗಿರುವ ನಮ್ಮಂಥವರಿಗೆ ಇದನ್ನು ಕಲಿಯಲು ಒಂದು ಅನುಕೂಲವೂ ಉಂಟು. ಅದೇನೆಂದು ಮುಂದೆ ಹೇಳುತ್ತೇನೆ.

ಮೊದಲು ನಮ್ಮ ಹೊಳೆಗಳ ಪರಿಚಯ ಮಾಡಿಕೊಳ್ಳೋಣ. ಜಯಮಂಗಲಿ ಹುಟ್ಟೋದು ತುಮಕೂರಿನ ಹತ್ತಿರದ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು, ಆಂಧ್ರದ ಹಿಂದೂಪುರದ ಹತ್ತಿರ ಪರಿಗಿಯ ಬಳಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಈ ಪಿನಾಕಿನಿ ನಂದಿಬೆಟ್ಟದ ಕಡೆಯಿಂದ ಹೊರಟವಳು. ಗೌರಿಬಿದನೂರು ದಾಟಿ, ಆಂಧ್ರ ಹೊಕ್ಕು, ಮತ್ತೆ ಪಾವಗಡ ತಾಲ್ಲೂಕಿಗೆ ಬಂದು, ಅಂತ್ಯ ಸುಬ್ರಹ್ಮಣ್ಯ ಎಂದು ಹೆಸರಾದ ನಾಗಲಮಡಿಕೆಯನ್ನು ಮುಟ್ಟಿ, ಮತ್ತೆ ಆಂಧ್ರಕ್ಕೆ ಹೋಗಿ, ಕೊನೆಗೆ ನೆಲ್ಲೂರಿನಾಚೆ ಸಮುದ್ರ ಸೇರುತ್ತಾಳೆ. ದೇವರಾಯನದುರ್ಗದಲ್ಲೇ ಹುಟ್ಟುವ ಇನ್ನೊಬ್ಬ ಮಗಳು ಶಿಂಷಾ. ಅವಳು ದಕ್ಷಿಣಕ್ಕೆ ಇಳಿದು ಕಾವೇರಿಯ ಮಡಿಲು ಸೇರುತ್ತಾಳೆ. ಒಂದೇ ತವರು, ಎರಡು ದಿಕ್ಕಿನ ಗಂಡನ ಮನೆ!

ಸೆಳವು ಹುಟ್ಟೋದು ಹೇಗೆ?

ಹೊಳೆ ಒಂದೇ ಸಮನೆ ಹರಿಯೋದಿಲ್ಲ. ಒಂದು ಕಡೆ ಸದ್ದಿಲ್ಲದ ಮಡು, ಮುಂದೆ ಕಲ್ಲುಗಳ ನಡುವೆ ಬಿಳಿ ನೊರೆ ಕಾರುತ್ತಾ ಓಡುವ ಜಾಗ, ಮತ್ತೆ ಮಡು. ಈ ನೊರೆ ಕಾರುವ ಜಾಗಕ್ಕೇ ಇಂಗ್ಲಿಷ್ ಕಲಿತವರು ರ‍್ಯಾಪಿಡ್ಸ್ ಅಂತಾರೆ. ನಾವು ಸೆಳವು ಅನ್ನೋಣ. ಜಲಪಾತದಲ್ಲಿ ನೀರು ನೆಲ ಬಿಟ್ಟು ಬೀಳುತ್ತೆ. ಸೆಳವಿನಲ್ಲಿ ನೆಲಕ್ಕೆ ಅಂಟಿಕೊಂಡೇ ಮೆಟ್ಟಿಲಿಳಿದ ಹಾಗೆ ಓಡುತ್ತೆ. ಇದು ಹುಟ್ಟೋಕೆ ನಾಲ್ಕು ಕಾರಣ.

ಮೊದಲನೆಯದು ಇಳಿಜಾರು. ದೇವರಾಯನದುರ್ಗದ ತಲೆಯಿಂದ ಬುಡಕ್ಕೆ ಸಾವಿರ ಅಡಿಗೂ ಹೆಚ್ಚು ಇಳಿತ, ಅದೂ ಕೆಲವೇ ಮೈಲಿಯೊಳಗೆ. ಅಲ್ಲಿಂದ ಪರಿಗಿಯವರೆಗೆ ಹತ್ತಾರು ಮೈಲಿ ಹೋದರೂ ಇಳಿಯೋದು ಕೆಲವು ನೂರು ಅಡಿ ಮಾತ್ರ. ಹಾಗಾಗಿ ಬೆಟ್ಟದ ಬುಡದ ಹಳ್ಳಗಳು ಅವಸರದ ಹುಡುಗಿಯರು, ಬಯಲಿನ ಹೊಳೆ ನಿಧಾನದ ಗೃಹಿಣಿ.

ಎರಡನೆಯದು ಕಲ್ಲಿನ ಗಟ್ಟಿತನ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಕಲ್ಲಿಗೆ ಬರವೇ? ರಾಮನಗರದಿಂದ ತುಮಕೂರು, ಮಧುಗಿರಿ, ಪಾವಗಡದ ಮೇಲೆ ಹಾದು ಬಳ್ಳಾರಿಯ ಕಡೆಗೆ ಒಂದು ಗ್ರಾನೈಟಿನ ಪಟ್ಟಿ ಚಾಚಿಕೊಂಡಿದೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅದಕ್ಕೇ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿಯ ಏಕಶಿಲಾ ಬೆಟ್ಟ ಇದೇ ವಂಶದ್ದು. ಈ ಕಲ್ಲು ಎಲ್ಲ ಕಡೆ ಒಂದೇ ಗಟ್ಟಿ ಇರೋದಿಲ್ಲ. ಒಂದು ಕಡೆ ಕೊಳೆತು ಗರಸಾಗಿರುತ್ತೆ, ಪಕ್ಕದಲ್ಲೇ ಉಕ್ಕಿನಂತೆ ನಿಂತಿರುತ್ತೆ. ನೀರು ಮೆತ್ತಗಿರುವುದನ್ನು ಬೇಗ ಕೊರೆದು ತೆಗೆಯುತ್ತೆ, ಗಟ್ಟಿಯದು ಹೊಸಲಿನ ಹಾಗೆ ಅಡ್ಡ ಉಳಿಯುತ್ತೆ. ಆ ಹೊಸಲು ದಾಟಿ ಇಳಿಯುವಾಗ ನೀರು ಸೆಳವಾಗುತ್ತೆ.

ಮೂರನೆಯದು ಉರುಳಿ ಬಂದ ಬಂಡೆಗಳು. ಬೆಟ್ಟದಿಂದ ಇಳಿಯುವ ಸಣ್ಣ ಹಳ್ಳ ದೊಡ್ಡ ಮಳೆಯಲ್ಲಿ ಕಲ್ಲುಗುಂಡುಗಳನ್ನು ಹೊತ್ತು ತಂದು ಹೊಳೆಯ ಬಾಯಲ್ಲಿ ಸುರಿಯುತ್ತೆ. ಹೊಳೆಗೆ ಅವನ್ನು ಮುಂದೆ ತಳ್ಳುವ ಶಕ್ತಿ ಇರೋದಿಲ್ಲ. ಸಂದಿಗೊಂದಿಯಲ್ಲಿ ನುಗ್ಗಿ ಹೋಗಬೇಕಾಗುತ್ತೆ. ಆದ್ದರಿಂದ ಹಳ್ಳ ಹೊಳೆ ಕೂಡುವ ಜಾಗದ ಕೆಳಗೆ ಸೆಳವು ಇರೋದು ಸಾಮಾನ್ಯ.

ನಾಲ್ಕನೆಯದು ಇಕ್ಕಟ್ಟು. ಗಿಡಕ್ಕೆ ನೀರು ಹಾಯಿಸುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುತ್ತೆ ಅಲ್ಲವೇ? ಅದೇ ಲೆಕ್ಕ. ಅಷ್ಟೇ ನೀರು ಕಿರಿದಾದ ದಾರಿಯಲ್ಲಿ ಹೋಗಬೇಕಾದರೆ ಓಡಲೇಬೇಕು. ಇದನ್ನು ದೊಡ್ಡದಾಗಿ ನೋಡಬೇಕಾದರೆ ನಮ್ಮ ಶಿಂಷಾ ಸೇರಿದ ಮೇಲಿನ ಕಾವೇರಿಯನ್ನು ನೋಡಿ. ಕನಕಪುರದಾಚೆ ಅರ್ಕಾವತಿಯ ಸಂಗಮ ಕಳೆದು, ಅಷ್ಟು ಅಗಲದ ಕಾವೇರಿ ಮೇಕೆದಾಟುವಿನಲ್ಲಿ ಬಂಡೆಗಳ ನಡುವಿನ ಓಣಿಗೆ ನುಗ್ಗುತ್ತಾಳೆ. ಮೇಕೆ ಹಾರುವಷ್ಟೇ ಅಗಲ ಅಂತ ಹೆಸರೇ ಹೇಳುತ್ತೆ. ಪ್ರವಾಸ ಹೋದ ಎಷ್ಟೋ ಮಕ್ಕಳು ಆ ನುಣುಪು ಕಲ್ಲಿನ ಮೇಲೆ ಕಾಲು ಜಾರಿ ಹಿಂದಿರುಗದೆ ಹೋಗಿದ್ದಾರೆ.

ಅದರ ಗುಣಲಕ್ಷಣ

ಈಗ ಸೆಳವಿನ ಗುಣ ನೋಡೋಣ. ಮೊದಲು ಬಣ್ಣ. ಬಣ್ಣವಿಲ್ಲದ ನೀರು ಅಲ್ಲಿ ಬೆಳ್ಳಗಾಗೋದು ಯಾಕೆ? ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದಾಗ ನೊರೆ ಬರೋದು ಗಾಳಿ ಬೆರೆತದ್ದಕ್ಕೆ. ಕೆಂಪು ಸೋಪಾದರೂ ಅದರ ನೊರೆ ಬಿಳಿಯೇ ತಾನೇ? ಸಾವಿರಾರು ಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ, ಅದಕ್ಕೇ ಬಿಳುಪು. ಹೀಗೆ ಗಾಳಿ ಬೆರೆಯುವುದರಿಂದ ನೀರಿಗೆ ಆಮ್ಲಜನಕ ಸಿಕ್ಕುತ್ತೆ, ಮೀನುಗಳಿಗೆ ಒಳ್ಳೆಯದು. ಆದರೆ ಮನುಷ್ಯನಿಗೆ ಅಪಾಯ. ಗಾಳಿ ತುಂಬಿದ ನೀರು ಮೈಯನ್ನು ಎತ್ತಿ ಹಿಡಿಯೋದಿಲ್ಲ. ಈಜು ಬಲ್ಲವರೂ ನೊರೆಯಲ್ಲಿ ಮುಳುಗೋದು ಇದಕ್ಕೇ.

ಎರಡನೆಯದು ಸದ್ದು. ತುಂಬಿದ ಕೊಡ ತುಳುಕೋದಿಲ್ಲ ಅಂತ ಗಾದೆ. ಹೊಳೆಯೂ ಹಾಗೇ. ಆಳದ ಮಡು ಮಾತಾಡೋದಿಲ್ಲ, ಆಳ ಕಡಿಮೆಯಿದ್ದು ಕಲ್ಲಿದ್ದ ಕಡೆ ಗಲಾಟೆ. ಹಾಗಂತ ಸುಮ್ಮನಿರುವ ನೀರು ಸಾಧು ಅನ್ನಬೇಡಿ. ಸೆಳವಿನ ಕೆಳಗಿನ ಮಡುವೇ ಕೊಚ್ಚಿಹೋದವರನ್ನು ನುಂಗೋದು.

ಮೂರನೆಯದು ಅಲೆ. ಸಮುದ್ರದಲ್ಲಿ ಅಲೆ ಸಾಗುತ್ತೆ, ನೀರು ಹೆಚ್ಚುಕಡಿಮೆ ಅಲ್ಲೇ ಏರಿಳಿಯುತ್ತೆ. ಸೆಳವಿನಲ್ಲಿ ತಿರುಗುಮುರುಗು. ಅಲೆ ನಿಂತಲ್ಲೇ ನಿಂತಿರುತ್ತೆ, ನೀರು ಅದರೊಳಗೆ ಓಡುತ್ತೆ. ಕೆಂಪು ನೀರಿನಲ್ಲಿ ಒಂದೇ ಜಾಗದಲ್ಲಿ ಅಲೆ ಎದ್ದು ನಿಂತಿದ್ದರೆ, ಅದರ ಕೆಳಗೆ ಕಣ್ಣಿಗೆ ಕಾಣದ ಕಲ್ಲೋ ಹಳ್ಳವೋ ಇದೆ ಎಂದೇ ತಿಳಿಯಿರಿ.

ನಾಲ್ಕನೆಯದು ತಿರುಗು ನೀರು. ದೊಡ್ಡ ಬಂಡೆಯ ಹಿಂಬದಿಯಲ್ಲಿ ನೀರು ಬಂದ ದಿಕ್ಕಿಗೇ ತಿರುಗಿ ಸುಳಿ ಸುತ್ತುತ್ತೆ. ಆ ಸುಳಿಗೆ ಸಿಕ್ಕ ಬೆಣಚುಕಲ್ಲುಗಳು ವರ್ಷಗಟ್ಟಲೆ ತಿರುಗಿ ತಿರುಗಿ ಬಂಡೆಯನ್ನು ಒರಳಿನಂತೆ ಕೊರೆಯುತ್ತವೆ. ನಾವು ಒರಳಿನಲ್ಲಿ ಗುಂಡು ತಿರುಗಿಸಿ ಹಿಟ್ಟು ರುಬ್ಬಿದರೆ, ಹೊಳೆ ಗುಂಡು ತಿರುಗಿಸಿ ಒರಳನ್ನೇ ರುಬ್ಬುತ್ತೆ!

ಬಲದ ಲೆಕ್ಕವನ್ನೂ ತಿಳಿದಿರಿ. ನೀರಿನ ತೂಕ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಸೊಂಟಕ್ಕೆ ಗೊತ್ತು. 15 ಲೀಟರಿನ ಕೊಡ ಅಂದರೆ 15 ಕಿಲೋ. ಈಗ ಮೂರು ಮೀಟರ್ ಅಗಲ, ಬರೀ ಒಂದಡಿ ಆಳದ ಹಳ್ಳ, ಹುಡುಗನೊಬ್ಬ ಸಣ್ಣಗೆ ಓಡುವ ವೇಗದಲ್ಲಿ, ಅಂದರೆ ಸೆಕೆಂಡಿಗೆ ಎರಡು ಮೀಟರಿನಂತೆ ಹರಿಯುತ್ತಿದೆ ಅನ್ನಿ. ಒಂದು ಸೆಕೆಂಡಿಗೆ ಸುಮಾರು 120 ಕೊಡ ನೀರು ನಿಮ್ಮ ಮುಂದೆ ಹೋಗುತ್ತೆ! ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತೆ. ಅದು ಉರುಳಿಸಬಲ್ಲ ಕಲ್ಲಿನ ತೂಕ ಲೆಕ್ಕದ ಪ್ರಕಾರ 64 ಪಟ್ಟು ಹೆಚ್ಚುತ್ತೆ. ಒಂದು ಸೇರಿನ ಕಲ್ಲು ಉರುಳಿಸುತ್ತಿದ್ದ ಹಳ್ಳ, ಮಳೆ ಜೋರಾದ ಮೇಲೆ ಮೂಟೆಯಷ್ಟು ಗುಂಡನ್ನು ಹೊತ್ತು ತರುವುದು ಇದರಿಂದಲೇ. ರಭಸವಾಗಿ ಹರಿಯುವ ಆರಂಗುಲ ನೀರು ದೊಡ್ಡವರನ್ನು ಬೀಳಿಸಬಲ್ಲದು, ಒಂದಡಿ ನೀರು ಸಣ್ಣ ಕಾರನ್ನು ಸಾಗಿಸಬಲ್ಲದು, ಎರಡಡಿ ಬಹುತೇಕ ವಾಹನಗಳನ್ನು ತೇಲಿಸಿಬಿಡುತ್ತೆ ಅಂತ ಅಮೆರಿಕದ ಹವಾಮಾನ ಇಲಾಖೆಯವರು ತಮ್ಮ ಜನಕ್ಕೆ ಎಚ್ಚರಿಕೆ ಕೊಡುತ್ತಾರೆ. “ಮೊಣಕಾಲುದ್ದ ನೀರು, ಏನಾಗುತ್ತೆ ಬಾ” ಅನ್ನುವವರಿಗೆ ಇದನ್ನು ಹೇಳಿ.

ನಾವೇ ಕಟ್ಟಿದ ಸೆಳವುಗಳು

“ನಮ್ಮೂರ ಹಳ್ಳದಲ್ಲಿ ಬಂಡೆಯೂ ಇಲ್ಲ, ಇಳಿಜಾರೂ ಇಲ್ಲ” ಅಂತೀರಾ? ಆದರೆ ಹೊಸಲು, ಇಕ್ಕಟ್ಟು, ಹಳ್ಳ ಇವೆಲ್ಲವನ್ನೂ ನಾವೇ ಮಾಡಿಟ್ಟಿದ್ದೇವೆ.

ರಸ್ತೆ ಹಳ್ಳ ದಾಟುವ ಕಡೆ ತಗ್ಗಾದ ಕಾಂಕ್ರೀಟ್ ಸೇತುವೆ ಇರುತ್ತಲ್ಲ, ಕೆಳಗೆ ಎರಡು ಮೂರು ಪೈಪು? ಕಸಕಡ್ಡಿ ಸಿಕ್ಕಿ ಪೈಪು ಕಟ್ಟಿಕೊಂಡರೆ ನೀರೆಲ್ಲ ರಸ್ತೆಯ ಮೇಲೇ. ಹೊಸಲಿನ ಕೆಲಸವನ್ನು ಅಲ್ಲಿ ಕಾಂಕ್ರೀಟ್ ಮಾಡುತ್ತೆ. ಮೇಲೆ ಪಾಚಿಯ ನುಣುಪು ಬೇರೆ. ರಸ್ತೆಯಿಂದ ಕೆಳಕ್ಕೆ ಧುಮುಕಿದ ನೀರು ಕೆಳಬದಿಯಲ್ಲಿ ನೆಲ ಕೊರೆದು ಮಡು ಮಾಡಿರುತ್ತೆ. ಮೇಲೆ ಮೊಣಕಾಲುದ್ದ, ಎರಡು ಹೆಜ್ಜೆ ಪಕ್ಕದಲ್ಲಿ ಆಳುದ್ದ! ಜಾರಿದವರು ಬೀಳೋದು ಅಲ್ಲಿಗೇ.

ಇನ್ನು ಕೆರೆ ಕೋಡಿ, ಚೆಕ್ ಡ್ಯಾಂ. ಕೆರೆ ತುಂಬಿದರೆ ಬಾಗಿನ ಕೊಡುವುದು ನಮ್ಮ ಸಂಪ್ರದಾಯ. ಗಂಗಮ್ಮನಿಗೆ ಅರಿಸಿನ ಕುಂಕುಮ, ಬಳೆ, ಕಣ ಕೊಡೋದು ಎಷ್ಟು ಸಂತೋಷದ ಕೆಲಸ! ಆದರೆ ಕೋಡಿಯ ಕೆಳಗೆ ಒಂದು ಮೋಸವಿದೆ. ಸಮನಾಗಿ ಧುಮುಕುವ ನೀರು ಬುಡದಲ್ಲಿ ಮಗುಚಿ ಹಿಂದಕ್ಕೇ, ಗೋಡೆಯ ಕಡೆಗೇ ಹೊರಳುತ್ತೆ. ಬಿದ್ದ ಮರದ ತುಂಡು ಗಂಟೆಗಟ್ಟಲೆ ಅಲ್ಲೇ ಉರುಳಾಡುವುದನ್ನು ನೀವು ನೋಡಿರಬಹುದು. ಮನುಷ್ಯರು ಬಿದ್ದರೂ ಅದೇ ಗತಿ. ನೋಡಲು ಬಂಡೆಗಳ ಸೆಳವಿನಷ್ಟು ಭಯಂಕರವಾಗಿ ಕಾಣೋದಿಲ್ಲ, ಅದಕ್ಕೇ ಹೆಚ್ಚು ಅಪಾಯ. ಬಾಗಿನವನ್ನು ಏರಿಯ ಕಡೆಯಿಂದ, ನಿಂತ ನೀರಿಗೆ, ಗಟ್ಟಿ ಮೆಟ್ಟಿಲ ಮೇಲೆ ನಿಂತು ಕೊಡಿ. ಕೋಡಿ ಕಲ್ಲಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಮಕ್ಕಳನ್ನು ಗದರಿಸಿಯಾದರೂ ಈಚೆ ಕರೆಯಿರಿ. ಗಂಗಮ್ಮ ಕೋಪಿಸಿಕೊಳ್ಳೋದಿಲ್ಲ.

ಮೂರನೆಯದು ಮರಳು ತೆಗೆದ ಗುಂಡಿಗಳು. ಹೊಳೆಯ ತಳ ಸಮವಾಗಿದ್ದಾಗ ನೀರು ಹರಡಿಕೊಂಡು ಬರುತ್ತಿತ್ತು. ಮರಳು ಬಗೆದ ಮೇಲೆ ಒಂದು ಕಡೆ ಬಂಡೆ ಬಯಲಾಗಿದೆ, ಪಕ್ಕದಲ್ಲೇ ಆಳದ ಗುಂಡಿ. ಅಜ್ಜಿಯ ಕಾಲದಲ್ಲಿ ನಿರಾಳವಾಗಿ ದಾಟುತ್ತಿದ್ದ ಜಾಗ ಈಗ ಅದೇ ಜಾಗವಲ್ಲ.

ಒಣಗಿದಾಗಲೇ ಓದಿ

ಈಗ ಆ ಅನುಕೂಲದ ಮಾತಿಗೆ ಬರುತ್ತೇನೆ. ತುಂಗೆಯ ದಂಡೆಯವರು ಹೊಳೆಯ ತಳ ನೋಡಬೇಕಾದರೆ ಮುಳುಗಬೇಕು. ನಾವು ಚಪ್ಪಲಿ ಮೆಟ್ಟಿಕೊಂಡು ನಡೆದು ನೋಡಬಹುದು! ಬೇಸಿಗೆಯ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ನಿಮ್ಮೂರ ಹಳ್ಳಕ್ಕೆ ಹೋಗಿ. ಇಷ್ಟನ್ನು ಗಮನಿಸಿ.

ಲಕ್ಕಿಗಿಡ, ಹೊಂಗೆ ಮರದ ಕೊಂಬೆಯಲ್ಲಿ ಒಣಹುಲ್ಲು, ಚಿಂದಿ ಸಿಕ್ಕಿಕೊಂಡಿದೆಯೇ? ಹಿಂದಿನ ಸಲ ನೀರು ಬಂದ ಎತ್ತರ ಅದು. ಎಷ್ಟು ಮೇಲಿದೆ ಅಂತ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ ಅಳೆಯಿರಿ. ಅದು ಸಾವಿರ ಬುದ್ಧಿಮಾತಿಗೆ ಸಮ.

ಚಪ್ಪಟೆ ಕಲ್ಲುಗಳು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಒರಗಿ, ತಲೆಯೆಲ್ಲ ನೀರು ಹೋದ ದಿಕ್ಕಿಗೆ ಮಾಡಿವೆಯೇ? ಅಲ್ಲಿ ನೀರು ಕಲ್ಲನ್ನೇ ಉರುಳಿಸುವಷ್ಟು ರಭಸದಿಂದ ಓಡಿದೆ. ನುಣ್ಣಗಿನ ಮರಳು ಹಾಸಿದೆಯೇ? ಅಲ್ಲಿ ನಿಧಾನಿಸಿದೆ. ಬಂಡೆ ಎಣ್ಣೆ ಹಚ್ಚಿದಂತೆ ನುಣುಪಾಗಿ, ಒರಳುಗುಂಡಿ ಬಿದ್ದಿದೆಯೇ? ಅದು ಸೆಳವಿನ ಖಾಯಂ ವಿಳಾಸ. ಸೇತುವೆಯ ಕೆಳಬದಿಯ ಗುಂಡಿಗೆ ಒಂದು ಕೋಲು ಇಳಿಬಿಟ್ಟು ಆಳ ನೋಡಿ. ಪೈಪಿನಲ್ಲಿ ಕಸ ಕಟ್ಟಿದ್ದರೆ ಮಳೆಗೆ ಮುಂಚೆಯೇ ತೆಗೆಸಿ ಅಂತ ಪಂಚಾಯ್ತಿಗೆ ಒಂದು ಅರ್ಜಿ ಕೊಡಿ. ನಾಲ್ಕು ಜನ ಹೆಣ್ಣುಮಕ್ಕಳು ಸಹಿ ಹಾಕಿ ಕೊಟ್ಟರೆ ಕೆಲಸ ಬೇಗ ಆಗುತ್ತೆ.

ನೀರು ಬಂದ ದಿನ ಏನು ಮಾಡಬೇಕು? ಮೊದಲ ಮಾತು, ದಾಟಬೇಡಿ. ನಮ್ಮ ಸಣ್ಣ ಹಳ್ಳಗಳು ಬರೋದೂ ಬೇಗ, ಇಳಿಯೋದೂ ಬೇಗ. ಎಷ್ಟೋ ಸಲ ಕೆಲವು ಗಂಟೆ ಕಾದರೆ ಸಾಕು, ನೀರು ತಾನಾಗಿ ತಗ್ಗುತ್ತೆ. ನಿಮ್ಮೂರಲ್ಲಿ ಬಿಸಿಲಿದ್ದರೂ ಬೆಟ್ಟದ ಕಡೆ ಮೋಡ ಕಪ್ಪಾಗಿದ್ದರೆ ಹಳ್ಳದೊಳಗೆ ಬಟ್ಟೆ ಒಗೆಯೋದು, ದನ ಬಿಡೋದು ನಿಲ್ಲಿಸಿ. ತಿಳಿನೀರು ಕೆಂಪಾಗಿ ಕಡ್ಡಿಕಸ ತೇಲಿ ಬಂದರೆ ಬಟ್ಟೆ ಬಿಟ್ಟು ದಡ ಹತ್ತಿ.

ಯಾರಾದರೂ ಕೊಚ್ಚಿಹೋದರೆ ಹಿಂದೆ ಧುಮುಕಬೇಡಿ. ಒಂದು ಜೀವ ಹೋಗುವ ಕಡೆ ಎರಡು ಹೋಗುತ್ತೆ. ಉಟ್ಟ ಸೀರೆಯಾದರೂ ಸರಿ, ಎರಡು ಗಂಟು ಹಾಕಿದರೆ ಹನ್ನೊಂದು ಮೀಟರ್ ಹಗ್ಗ ಆಯಿತು. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಅದರ ತುದಿ ಕಟ್ಟಿ ಎಸೆಯಿರಿ. ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಳ್ಳದೆ ಮರಕ್ಕೆ ಬಳಸಿ ಹಿಡಿಯಿರಿ. 112ಕ್ಕೆ ಫೋನು ಮಾಡಿ. ನೀವೇ ಸಿಕ್ಕಿಕೊಂಡರೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ನೀರಿನ ಜೊತೆ ಹೋಗುತ್ತಾ ಓರೆಯಾಗಿ ದಡದ ಕಡೆ ಸರಿಯಿರಿ. ಓಡುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ, ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ಮೈಮೇಲೆ ಹರಿದುಬಿಡುತ್ತೆ.

ಕೊನೆಗೆ ಮನಸ್ಸಿನ ಮಾತು. ಈಜು ಬಾರದಿರುವುದು ಒಂದೇ ನಮ್ಮ ತೊಂದರೆಯಲ್ಲ. ಸಂಜೆ ಹೊತ್ತು, ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತವೆ, ಒಲೆ ಹಚ್ಚಬೇಕು, ಸ್ಕೂಟರಿನ ಮುಂದೆ ಕೂತವರು “ಗಟ್ಟಿಯಾಗಿ ಹಿಡಕೋ, ದಾಟಿಬಿಡೋಣ” ಅಂತಾರೆ. ಬೇಡ ಅನ್ನೋಕೆ ನಾಲಗೆ ಬರೋದಿಲ್ಲ. “ಹೆಂಗಸರಿಗೆ ಎಲ್ಲಕ್ಕೂ ಭಯ” ಅಂದಾರು ಅಂತ ಸಂಕೋಚ. ಆಟೋದಲ್ಲಿ ಹತ್ತು ಜನ ಕೂಲಿಗೆ ಹೋಗಿ ಬರುವಾಗಲೂ ಇದೇ ಕಥೆ. ಆ ಗಳಿಗೆಯಲ್ಲಿ ಈ ಪಾಠ ನೆನಪಿಗೆ ಬರಲಿ. “ಈ ಸೇತುವೆ ಕೆಳಗೆ ಆಳುದ್ದ ಗುಂಡಿ ಇದೆ, ಬೇಸಿಗೆಯಲ್ಲಿ ನಾನೇ ಕೋಲು ಹಾಕಿ ನೋಡಿದ್ದೀನಿ. ನಾನು ಇಳಿಯುತ್ತೀನಿ, ನೀವೂ ಇಳಿಯಿರಿ” ಅಂತ ಹೇಳಿ ಇಳಿದು ನಿಲ್ಲಿ. ಕಣ್ಣಾರೆ ಕಂಡದ್ದನ್ನು ಹೇಳುವವಳ ಮಾತನ್ನು ಭಯ ಅಂತ ಯಾರೂ ತಳ್ಳಿಹಾಕಲಾರರು. ಒಂದು ಹೊತ್ತಿನ ಊಟ ತಡವಾದರೆ ಏನೂ ಮುಳುಗಿಹೋಗೋದಿಲ್ಲ.

ನಿಮ್ಮೂರ ಹಳ್ಳದಲ್ಲಿ ನೀವು ಕಂಡ ಗುರುತುಗಳನ್ನು, ಅಲ್ಲಿನ ಮಡುಗಳಿಗೆ ಹಿರಿಯರು ಇಟ್ಟಿರುವ ಹೆಸರುಗಳನ್ನು ನನಗೆ ಬರೆದು ಕಳಿಸಿ. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಎಚ್ಚರಿಕೆ ಇರುತ್ತೆ. ಮಳೆ ಬರುವ ಮುಂಚೆ ಅವನ್ನೆಲ್ಲ ಕೂಡಿಹಾಕಿಕೊಳ್ಳೋಣ, ಏನಂತೀರಿ?